ರಷ್ಯಾದ ರೈಲಿನಲ್ಲಿ ಬಿಸಿನೀರು ಮತ್ತು ಫೋನು



"ದೇಶ ಸುತ್ತು, ಕೋಶ ಓದು" ಎಂದು ಹಿರಿಯರು ಹೇಳಿದ್ದಾರೆ. ನಾನು ಇನ್ನೂ ದೇಶ ಸುತ್ತಿಲ್ಲ. ರೈಲು ಹತ್ತಿರುವುದೂ ಒಂದೇ ಸಲ, ಅರಸೀಕೆರೆಯಿಂದ ಬೆಂಗಳೂರಿಗೆ. ಆದರೆ ನಮ್ಮ ದೊಡ್ಡಪ್ಪನ ಮಗಳು ರಷ್ಯಾ ದೇಶದಲ್ಲಿ ಡಾಕ್ಟರ್ ಓದುತ್ತಿದ್ದಾಳೆ. 2025ರ ಜನವರಿ ಕೊನೆಯಲ್ಲಿ ಕಾಲೇಜಿಗೆ ರಜೆ ಬಂದಾಗ ಅಕ್ಕ ಮತ್ತು ಅವಳ ಮೂವರು ಗೆಳತಿಯರು ಬೈಕಲ್ ಸರೋವರ ನೋಡಲು ಮಾಸ್ಕೋದಿಂದ ಇರ್ಕುತ್ಸ್ಕ್ ಎಂಬ ಊರಿಗೆ ರೈಲಿನಲ್ಲಿ ಹೋದರು. ಮೂರೂವರೆ ದಿನದ ಪ್ರಯಾಣ! ಆ ಮೂರೂವರೆ ದಿನ ನಮ್ಮ ಮನೆಯಲ್ಲಿ ಅಜ್ಜಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದಕ್ಕೆ ಅರ್ಧ ಕಾರಣ ನಾನೇ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ರೈಲಿನ ವಿಷಯ ತಿಳಿಯೋಣ.

ಎಷ್ಟು ದೂರ?

ಭೂಪಟದಲ್ಲಿ ರಷ್ಯಾ ನೋಡಿ. ಇಡೀ ಪುಟದ ಮೇಲ್ಭಾಗವನ್ನೆಲ್ಲಾ ಅದೇ ತುಂಬಿಕೊಂಡಿದೆ. ಪಶ್ಚಿಮದಲ್ಲಿ ಮಾಸ್ಕೋ, ಪೂರ್ವದ ಕೊನೆಯಲ್ಲಿ ಸಮುದ್ರದ ದಡದ ವ್ಲಾದಿವೊಸ್ತೋಕ್. ಇವೆರಡರ ನಡುವೆ 9,288 ಕಿಲೋಮೀಟರು ಉದ್ದದ ರೈಲು ದಾರಿ ಇದೆ. ಇದಕ್ಕೆ ಟ್ರಾನ್ಸ್ ಸೈಬೀರಿಯನ್ ರೈಲು ಮಾರ್ಗ ಎಂದು ಹೆಸರು. 1891ರಲ್ಲಿ ಕಟ್ಟಲು ಶುರು ಮಾಡಿ 1916ರಲ್ಲಿ ಪೂರ್ತಿ ಮಾಡಿದರು. 2002ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ತಂತಿ ಎಳೆದು ಮುಗಿಯಿತು. ಈ ತುದಿಯಿಂದ ಆ ತುದಿಗೆ ಹೋಗಲು ಸುಮಾರು ಒಂದು ವಾರ ಬೇಕು. ನಮ್ಮ ದೇಶದಲ್ಲಿ ಅತಿ ದೂರ ಹೋಗುವ ವಿವೇಕ್ ಎಕ್ಸ್‌ಪ್ರೆಸ್ ದಿಬ್ರುಗಢದಿಂದ ಕನ್ಯಾಕುಮಾರಿಗೆ ಸುಮಾರು 4,200 ಕಿಲೋಮೀಟರು ಓಡುತ್ತದೆ. ಅದರ ಎರಡರಷ್ಟಕ್ಕಿಂತಲೂ ಇದು ಹೆಚ್ಚು. ಅಕ್ಕ ಹೋಗಿದ್ದು ಸುಮಾರು 5,200 ಕಿಲೋಮೀಟರು, ಅಂದರೆ ಅರ್ಧ ದಾರಿಗಿಂತ ಸ್ವಲ್ಪ ಜಾಸ್ತಿ.

ಇಷ್ಟು ದಿನ ರೈಲೇ ಮನೆ. ಮನೆಯಲ್ಲಿ ಏನೇನು ಬೇಕೋ ಅದೆಲ್ಲಾ ಅಲ್ಲಿ ಬೇಕು. ಬೆಚ್ಚಗಿರಬೇಕು, ಮಲಗಲು ಜಾಗ ಬೇಕು, ನೀರು ಬೇಕು, ಮನೆಯವರ ಜೊತೆ ಮಾತಾಡಲು ಫೋನು ಬೇಕು. ಒಂದೊಂದಾಗಿ ನೋಡೋಣ.

ಮಲಗುವ ಜಾಗ

ಅಲ್ಲಿ ಮುಖ್ಯವಾಗಿ ಮೂರು ತರಹದ ಬೋಗಿಗಳಿವೆ. ಮೊದಲನೆಯದು ಪ್ಲಾತ್ಸ್‌ಕಾರ್ತ್. ಇದು ನಮ್ಮ ಸ್ಲೀಪರ್ ಬೋಗಿಯ ಹಾಗೆ, ಬಾಗಿಲುಗಳಿಲ್ಲ, ಎಲ್ಲರೂ ಎಲ್ಲರಿಗೂ ಕಾಣುತ್ತಾರೆ. 54 ಜನ ಮಲಗಬಹುದು. ನಮ್ಮಲ್ಲಿ ಒಂದರ ಮೇಲೊಂದು ಮೂರು ಬರ್ತ್ ಇದ್ದರೆ ಅಲ್ಲಿ ಎರಡೇ. ಅದಕ್ಕೂ ಮೇಲಿನ ಅಟ್ಟ ಸಾಮಾನು ಇಡೋಕೆ. ಎರಡನೆಯದು ಕುಪೆ. ಇದು ನಾಲ್ಕು ಜನರ ಪುಟ್ಟ ಕೋಣೆ, ಬಾಗಿಲು ಹಾಕಿಕೊಳ್ಳಬಹುದು. ಹೆಂಗಸರಿಗೆ ಮಾತ್ರ ಎಂದು ಬೇರೆ ಕೋಣೆಯ ಟಿಕೆಟ್ಟೂ ಸಿಗುತ್ತದೆ. ಅಕ್ಕನವರು ನಾಲ್ವರೂ ಸೇರಿ ಒಂದು ಕುಪೆ ತೆಗೆದುಕೊಂಡಿದ್ದರು. ಮೂರನೆಯದು ಇಬ್ಬರ ಕೋಣೆ, ಅದಕ್ಕೆ ದುಡ್ಡು ಜಾಸ್ತಿ.

ಹಾಸಿಗೆ, ದಿಂಬು, ಕಂಬಳಿ ರೈಲಿನಲ್ಲೇ ಇರುತ್ತವೆ. ಒಗೆದು ಇಸ್ತ್ರಿ ಮಾಡಿದ ಎರಡು ದುಪ್ಪಟಿ, ದಿಂಬಿನ ಚೀಲ, ಒಂದು ಟವೆಲ್ಲು, ಇವನ್ನು ಕಟ್ಟು ಮಾಡಿ ಕೊಡುತ್ತಾರೆ. ಕೆಳಗಿನ ಬರ್ತನ್ನು ಮುಚ್ಚಳದ ಹಾಗೆ ಮೇಲೆತ್ತಿದರೆ ಒಳಗೆ ಪೆಟ್ಟಿಗೆ ಇಡುವ ಗೂಡು ಇದೆ. ಅದರ ಮೇಲೆ ನಾವು ಮಲಗಿದರೆ ಕಳ್ಳ ಹೇಗೆ ತೆಗೆಯುತ್ತಾನೆ? ಒಳ್ಳೆ ಉಪಾಯ ಅಲ್ಲವೇ!

ಬೋಗಿಯ ಯಜಮಾನಿ

ಪ್ರತಿ ಬೋಗಿಗೂ ಒಬ್ಬರು ಜವಾಬ್ದಾರರು ಇರುತ್ತಾರೆ. ಹೆಂಗಸಾದರೆ ಪ್ರೊವೊದ್ನಿತ್ಸಾ, ಗಂಡಸಾದರೆ ಪ್ರೊವೊದ್ನಿಕ್ ಎನ್ನುತ್ತಾರೆ. ದೂರದ ರೈಲುಗಳಲ್ಲಿ ಸಾಮಾನ್ಯವಾಗಿ ಇಬ್ಬರಿದ್ದು, ಒಬ್ಬರು ಮಲಗಿದಾಗ ಇನ್ನೊಬ್ಬರು ಕೆಲಸ ಮಾಡುತ್ತಾರೆ. ಹತ್ತುವಾಗ ಬಾಗಿಲಲ್ಲಿ ಟಿಕೆಟ್ ನೋಡುವುದು, ದುಪ್ಪಟಿ ಕೊಡುವುದು, ಗುಡಿಸಿ ಒರೆಸುವುದು, ಇಳಿಯುವ ಊರು ಬಂದರೆ ಎಬ್ಬಿಸುವುದು, ಎಲ್ಲಾ ಅವರದೇ ಕೆಲಸ. ಅದಕ್ಕೇ ಅಲ್ಲಿ "ಊರು ದಾಟಿ ಹೋಯ್ತಾ" ಅಂತ ರಾತ್ರಿಯೆಲ್ಲಾ ಕಿಟಕಿ ನೋಡುತ್ತಾ ಕೂರಬೇಕಾಗಿಲ್ಲ.

ಸೈಬೀರಿಯಾದಲ್ಲಿ ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ 20, 30 ಡಿಗ್ರಿ ಚಳಿ. ಕೆಲವು ದಿನ ಇನ್ನೂ ಕೆಳಗೆ ಹೋಗುತ್ತದೆ. ಆದರೆ ಬೋಗಿಯ ಒಳಗೆ ಅಂಗಿ ಹಾಕಿಕೊಂಡು ಆರಾಮಾಗಿ ಕೂರಬಹುದು. ಹೇಗೆಂದರೆ ಬೋಗಿಯ ತುದಿಯಲ್ಲಿ ನೀರು ಕಾಯಿಸುವ ಒಂದು ದೊಡ್ಡ ಹಂಡೆ ಇದೆ. ಆ ಬಿಸಿನೀರು ಗೋಡೆಯ ಪಕ್ಕದ ಕೊಳವೆಗಳಲ್ಲಿ ಹರಿದು ಇಡೀ ಬೋಗಿಯನ್ನು ಬೆಚ್ಚಗೆ ಇಡುತ್ತದೆ. ಕರೆಂಟಿನಿಂದಲೂ ಕಾಯಿಸಬಹುದು, ಕಲ್ಲಿದ್ದಲು ಹಾಕಿಯೂ ಕಾಯಿಸಬಹುದು. ಕಾಡಿನ ನಡುವೆ ಕರೆಂಟು ಹೋದರೂ ಜನ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ ಕಲ್ಲಿದ್ದಲು. ರೈಲು ನಿಂತಾಗ ಆ ಯಜಮಾನಿಯರು ಕಬ್ಬಿಣದ ಸಲಾಕೆ ತಗೊಂಡು ಬೋಗಿಯ ಕೆಳಗೆ ಕಟ್ಟಿದ ಮಂಜುಗಡ್ಡೆ ಒಡೆಯುವುದನ್ನು ಅಕ್ಕ ನೋಡಿದಳಂತೆ.

ಬಿಸಿನೀರಿನ ನಲ್ಲಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಪ್ರತಿ ಬೋಗಿಯಲ್ಲೂ ಕುಡಿಯುವ ಕುದಿನೀರಿಗೇ ಒಂದು ಬೇರೆ ಪಾತ್ರೆ ಇದೆ. ಟೈಟಾನ್ ಎಂದೋ ಸಮೊವಾರ್ ಎಂದೋ ಕರೆಯುತ್ತಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ನಲ್ಲಿ ತಿರುಗಿಸಿದರೆ ಬಿಸಿನೀರು. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಪ್ಲಾತ್ಸ್‌ಕಾರ್ತ್‌ನವರಿಗೂ ಒಂದೇ, ಇಬ್ಬರ ಕೋಣೆಯವರಿಗೂ ಒಂದೇ.

ಟೀ ಕುಡಿಯಲು ಯಜಮಾನಿ ಗಾಜಿನ ಲೋಟ ಕೊಡುತ್ತಾಳೆ. ರೈಲು ಅಲ್ಲಾಡಿದರೆ ಲೋಟ ಬೀಳುವುದಿಲ್ಲವೇ? ಬೀಳುವುದಿಲ್ಲ. ಯಾಕೆಂದರೆ ಲೋಟವನ್ನು ಹಿಡಿ ಇರುವ ಲೋಹದ ಕವಚದಲ್ಲಿ ಕೂರಿಸಿರುತ್ತಾರೆ. ಅದರ ಹೆಸರು ಪೊದ್‌ಸ್ತಕಾನ್ನಿಕ್. ಅದು ಭಾರವಾಗಿರುವುದರಿಂದ ಲೋಟ ಅಲುಗಾಡುವುದಿಲ್ಲ, ಕೈಯೂ ಸುಡುವುದಿಲ್ಲ. ರೈಲಿನ ಜೊತೆ ಲೋಟದಲ್ಲಿ ಚಮಚ ಟಿಣ್ ಟಿಣ್ ಅಂತ ಸದ್ದು ಮಾಡುತ್ತಾ ಇರುತ್ತದೆ.

ಊಟಕ್ಕೆ ಬೇರೆ ಬೋಗಿಯಲ್ಲಿ ಹೋಟೆಲು ಇದೆ. ಆದರೆ ಬಹಳ ಜನ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಿಸಿನೀರು ಹಾಕಿದರೆ ಆಗುವ ನೂಡಲ್ಸು ತಂದುಕೊಳ್ಳುತ್ತಾರೆ. ಅಕ್ಕ ಏನು ಒಯ್ದಿದ್ದಳು ಗೊತ್ತೇ? ಅಜ್ಜಿ ಕಳಿಸಿದ್ದ ರಾಗಿ ಹುರಿಹಿಟ್ಟು ಮತ್ತು ತೆಳು ಅವಲಕ್ಕಿ. ಸಕ್ಕರೆ ಬೆರೆಸಿದ ಹುರಿಹಿಟ್ಟಿಗೆ ಟೈಟಾನ್ ನೀರು ಹಾಕಿ ಕಲಸಿದರೆ ಬೆಳಗಿನ ತಿಂಡಿ ಆಯಿತು. ಹೀಗೆ ನಮ್ಮೂರ ಹೊಲದ ರಾಗಿ ಸೈಬೀರಿಯಾ ನೋಡಿಕೊಂಡು ಬಂತು.

ಹಳೆಯ ಬೋಗಿಗಳ ಕಕ್ಕಸು ನೇರವಾಗಿ ಹಳಿಯ ಮೇಲೆ ಬೀಳುವಂಥದ್ದು. ಆದ್ದರಿಂದ ನಿಲ್ದಾಣ ಹತ್ತಿರ ಬಂದರೆ ಬೀಗ ಹಾಕುತ್ತಾರೆ. ಹೊಸ ಬೋಗಿಗಳಲ್ಲಿ ಆ ತೊಂದರೆ ಇಲ್ಲ, ನಿಂತಾಗಲೂ ಉಪಯೋಗಿಸಬಹುದು. ಕೆಲವು ಹೊಸ ಬೋಗಿಗಳಲ್ಲಿ ಸ್ನಾನದ ಮನೆಯೂ ಇದೆ. ಅಕ್ಕನ ಬೋಗಿಯಲ್ಲಿ ಇರಲಿಲ್ಲ. "ಮೂರು ದಿನ ಮೈಗೆ ನೀರು ಹಾಕ್ಕಳ್ದೆ ಅದೆಂಗೆ ಇದ್ದೀಯೇ ಮಗಾ" ಅಂತ ಅಜ್ಜಿ ಬೈದರು.

ಫೋನು ಯಾಕೆ ಸಿಗುವುದಿಲ್ಲ?

ಹಳೆಯ ಬೋಗಿಗಳಲ್ಲಿ ಚಾರ್ಜು ಮಾಡುವ ಪ್ಲಗ್ಗು ಓಡಾಡುವ ದಾರಿಯಲ್ಲಿ ಒಂದೆರಡು ಮಾತ್ರ ಇರುತ್ತವೆ. ಅದಕ್ಕೆ ಸರದಿ ಕಾಯಬೇಕು. ಹೊಸ ಬೋಗಿಗಳಲ್ಲಿ ಪ್ರತಿ ಬರ್ತಿನ ಹತ್ತಿರವೇ ಇದೆ. ಆದರೆ ಚಾರ್ಜು ಇದ್ದರೆ ಸಾಲದು, ಸಿಗ್ನಲ್ ಬೇಕು.

ನಮ್ಮ ಫೋನು ಹತ್ತಿರದ ಟವರಿನ ಜೊತೆ ಮಾತಾಡುತ್ತದೆ. ಒಂದು ಟವರಿನ ಶಕ್ತಿ ಕೆಲವು ಕಿಲೋಮೀಟರು ದೂರಕ್ಕೆ ಮಾತ್ರ. ಜನ ಇರುವ ಕಡೆ ಟವರು ಹಾಕುತ್ತಾರೆ. ಸೈಬೀರಿಯಾದಲ್ಲಿ ತೈಗಾ ಎಂಬ ದೊಡ್ಡ ಕಾಡು ಇದೆ. ಅಲ್ಲಿ ಗಂಟೆಗಟ್ಟಲೆ ಬರೀ ಮರ, ಹಿಮ, ಹಿಮ, ಮರ. ಊರು ಬಂದಾಗ ಸಿಗ್ನಲ್ ಬರುತ್ತದೆ, ಊರು ದಾಟಿದರೆ ಹೋಗುತ್ತದೆ. ಬೋಗಿಯ ಮೈ ಕಬ್ಬಿಣದ್ದು, ಅದೂ ಸಿಗ್ನಲ್ ತಡೆಯುತ್ತದೆ. ಕೆಲವು ರೈಲುಗಳಲ್ಲಿ ವೈಫೈ ಇದೆಯಲ್ಲ ಎಂದು ನೀವು ಕೇಳಬಹುದು. ಆ ವೈಫೈ ಪೆಟ್ಟಿಗೆ ಕೂಡ ಅದೇ ಟವರುಗಳಿಂದ ಇಂಟರ್ನೆಟ್ ತಗೊಳ್ಳುತ್ತಿದ್ದರೆ ಕಾಡಿನಲ್ಲಿ ಅದಕ್ಕೂ ಏನೂ ಸಿಗುವುದಿಲ್ಲ.

ಇನ್ನೊಂದು ವಿಷಯ. ಸಿಗ್ನಲ್ ಇಲ್ಲದ ಕಡೆ ಫೋನು ಸುಮ್ಮನಿರುವುದಿಲ್ಲ, ಟವರು ಎಲ್ಲಿ ಎಲ್ಲಿ ಎಂದು ಹುಡುಕುತ್ತಲೇ ಇರುತ್ತದೆ. ಆದ್ದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಆಗ ವಿಮಾನದ ಗುರುತಿನ ಗುಂಡಿ ಒತ್ತಿಟ್ಟರೆ ಚಾರ್ಜು ಉಳಿಯುತ್ತದೆ.

ನಾನು ಮಾಡಿದ ತಪ್ಪು

ಪ್ರತಿ ಬೋಗಿಯಲ್ಲೂ ಒಂದು ವೇಳಾಪಟ್ಟಿ ತೂಗು ಹಾಕಿರುತ್ತಾರೆ. ಯಾವ ಊರು ಎಷ್ಟು ಗಂಟೆಗೆ, ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಅದರಲ್ಲಿದೆ. ಕೆಲವು ಕಡೆ ಎರಡೇ ನಿಮಿಷ, ದೊಡ್ಡ ಊರಲ್ಲಿ ಅರ್ಧ ಗಂಟೆಯೂ ಉಂಟು. ಮಾಸ್ಕೋ ಬಿಡುವ ಮೊದಲೇ ಅಕ್ಕ ಅದರ ಫೋಟೋ ಕಳಿಸಿದಳು. ಊರ ಹೆಸರುಗಳನ್ನು ಕನ್ನಡದಲ್ಲಿ ಬರೆದು ಕಳಿಸಿದಳು. "ದೊಡ್ಡ ಊರು ಬಂದಾಗ ಮಾಡ್ತೀನಿ, ಅಜ್ಜಿಗೆ ಟೈಮು ನೀನೇ ಹೇಳು" ಎಂದು ನನಗೆ ಒಪ್ಪಿಸಿದಳು. ಆಗ ನಾನು ಆರನೇ ತರಗತಿ.

ರಷ್ಯಾ ಎಷ್ಟು ಅಗಲ ಎಂದರೆ ಒಂದೇ ದೇಶದಲ್ಲಿ ಬೇರೆ ಬೇರೆ ಗಂಟೆ. ಮಾಸ್ಕೋ ನಮಗಿಂತ ಎರಡೂವರೆ ಗಂಟೆ ಹಿಂದೆ. ಯೆಕಾತೆರಿನ್‌ಬುರ್ಗ್ ಅರ್ಧ ಗಂಟೆ ಹಿಂದೆ. ಓಮ್ಸ್ಕ್ ಅರ್ಧ ಗಂಟೆ ಮುಂದೆ. ನೊವೊಸಿಬಿರ್ಸ್ಕ್ ಮತ್ತು ಕ್ರಾಸ್ನೊಯಾರ್ಸ್ಕ್ ಒಂದೂವರೆ ಗಂಟೆ ಮುಂದೆ. ಇರ್ಕುತ್ಸ್ಕ್ ಎರಡೂವರೆ ಗಂಟೆ ಮುಂದೆ. ಮೊದಲು ಇಡೀ ದೇಶದ ರೈಲು ಟಿಕೆಟ್ಟಿನಲ್ಲಿ ಮಾಸ್ಕೋ ಗಂಟೆಯನ್ನೇ ಬರೆಯುತ್ತಿದ್ದರು. 2018ರ ಆಗಸ್ಟ್ 1ರಿಂದ ಆಯಾ ಊರಿನ ಗಂಟೆ ಬರೆಯುತ್ತಾರೆ.

ಮೂರನೇ ದಿನ ನೊವೊಸಿಬಿರ್ಸ್ಕ್‌ಗೆ ಸಂಜೆ 6 ಗಂಟೆಗೆ ಬರುತ್ತದೆ ಎಂದಿತ್ತು. ನಾನು ಒಂದೂವರೆ ಗಂಟೆ ಕೂಡಿಸಿದೆ. ಏಳೂವರೆಗೆ ಫೋನು ಬರುತ್ತದೆ ಅಜ್ಜಿ ಅಂದೆ. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ನಾವು ಹೊಲಕ್ಕೆ ಹೋದೆವು. ಬಂದು ನೋಡಿದರೆ ನಾಲ್ಕೂವರೆಯಿಂದ ಐದರ ಒಳಗೆ ಅಕ್ಕ ಮೂರು ಸಲ ಮಾಡಿದ್ದಳು! ಅಲ್ಲಿಯ ಗಡಿಯಾರ ಮುಂದೆ ಇದ್ದರೆ ಕಳೆಯಬೇಕಿತ್ತು, ನಾನು ಕೂಡಿಸಿದ್ದೆ. ನಾವು ತಿರುಗಿ ಮಾಡಿದರೆ ಹತ್ತಲಿಲ್ಲ. ರೈಲು ಕಾಡಿಗೆ ಹೋಗಿತ್ತು.

ಅಜ್ಜಿ ರಾತ್ರಿ ಊಟ ಮಾಡಲಿಲ್ಲ. "ಮೂರು ಸಲ ಮಾಡವ್ಳೆ ಅಂದ್ರೆ ಏನೋ ಆಗದೆ, ನಂಗೆ ಅನ್ನ ಇಳಿಯಾಕಿಲ್ಲ" ಅಂದರು. ನನಗೆ ಅಳು ಬಂತು. ಪುಸ್ತಕ ತೆಗೆದು ಮತ್ತೆ ಲೆಕ್ಕ ಮಾಡಿದೆ. ಮುಂದಿನ ದೊಡ್ಡ ಊರು ಕ್ರಾಸ್ನೊಯಾರ್ಸ್ಕ್, ಸುಮಾರು 760 ಕಿಲೋಮೀಟರು ಆಚೆ. ಅಲ್ಲಿ ಬೆಳಿಗ್ಗೆ 6 ಗಂಟೆಗೆ ಬರುತ್ತದೆ. ಕಳೆದೆ. ನಮಗೆ ಬೆಳಗಿನ ಜಾವ ನಾಲ್ಕೂವರೆ. ಅಜ್ಜಿಯೂ ನಾನೂ ಫೋನು ಮಧ್ಯೆ ಇಟ್ಟುಕೊಂಡು ಕೂತೆವು. 4 ಗಂಟೆ 37 ನಿಮಿಷಕ್ಕೆ ಫೋನು ಬಂತು! ಅಕ್ಕ ನಿದ್ದೆಗಣ್ಣಿನಲ್ಲಿ, "ಏನಿಲ್ಲ ಅಜ್ಜಿ, ಓಬ್ ನದಿ ಪೂರ್ತಿ ಹೆಪ್ಪುಗಟ್ಟಿತ್ತು, ನಿಮಗೆ ತೋರಿಸೋಣ ಅಂತ ಮಾಡಿದ್ದೆ" ಅಂದಳು. ಅಜ್ಜಿ ಆಮೇಲೆ ಎದ್ದು ರಾತ್ರಿಯ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿಕೊಂಡು ತಿಂದರು.

ಇದರಿಂದ ನಾನು ಕಲಿತದ್ದು

ಸಿಗ್ನಲ್ ಇಲ್ಲ ಅಂದರೆ ಅಪಾಯ ಆಗಿದೆ ಎಂದು ಅರ್ಥವಲ್ಲ. ಎಲ್ಲಿ ಸಿಗುವುದಿಲ್ಲ, ಮತ್ತೆ ಎಷ್ಟು ಗಂಟೆಗೆ ಸಿಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮನೆಯವರಿಗೆ ಭಯ ಇರುವುದಿಲ್ಲ. ಗೊತ್ತಿಲ್ಲದಿದ್ದರೆ ಹತ್ತು ನಿಮಿಷವೂ ಭಯವೇ. ದೂರ ಹೋಗುವವರು ವೇಳಾಪಟ್ಟಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಫೋನು ಎತ್ತದಿದ್ದರೆ "ಚೆನ್ನಾಗಿದ್ದೇನೆ" ಅಂತ ಒಂದು ಸಾಲು ಮೆಸೇಜು ಹಾಕಬೇಕು. ಬರೀ ಇಂಟರ್ನೆಟ್ಟಿನ ಕರೆಯನ್ನೇ ನಂಬಬಾರದು. 2025ರಲ್ಲಿ ರಷ್ಯಾದ ಅನೇಕ ಕಡೆ ಡ್ರೋನ್ ದಾಳಿಯ ಭಯದಿಂದ ಮೊಬೈಲ್ ಇಂಟರ್ನೆಟ್ಟನ್ನು ಆಗಾಗ ನಿಲ್ಲಿಸಿದರು. ಆ ವರ್ಷದ ಆಗಸ್ಟಿನಲ್ಲಿ ವಾಟ್ಸಾಪ್ ಕರೆಗಳಿಗೂ ತಡೆ ಹಾಕಿದರು. ಹಾಗಾದಾಗ ಊರು ಬಂದರೂ ಆ ಕರೆ ಬರುವುದಿಲ್ಲ. ಸಾದಾ ಫೋನು, ಸಾದಾ ಮೆಸೇಜು ಹೇಗೆ ಮಾಡುವುದೆಂದು ಮನೆಯವರೂ ತಿಳಿದಿರಬೇಕು.

ಕೊನೆಗೆ ನಿಮಗೊಂದು ಲೆಕ್ಕ. ವ್ಲಾದಿವೊಸ್ತೋಕ್ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿಗೆ ಬೆಳಿಗ್ಗೆ 7 ಗಂಟೆಗೆ ರೈಲು ಬಂದರೆ ನಮ್ಮೂರಲ್ಲಿ ಆಗ ಎಷ್ಟು ಗಂಟೆ? ಕೂಡಿಸಬೇಡಿ! ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ.

ಇದು ನನಗೆ ತಿಳಿದಷ್ಟು. ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ.

7ನೇ ತರಗತಿ