ಹ್ಯಾಸೆಲ್‌ಬ್ಲಾಡ್‌ಗೆ ಲಕ್ಷ ಸುರಿಯುವ ಮುನ್ನ

‘ಚಂದ್ರನಿಗೆ ಹೋಗಿಬಂದ ಕ್ಯಾಮೆರಾ’ ಎಂಬ ಮಾತೊಂದರ ಬಲದಲ್ಲೇ ಹಳೆಯ ಹ್ಯಾಸೆಲ್‌ಬ್ಲಾಡ್‌ಗಳು ಇವತ್ತಿಗೂ ಲಕ್ಷದ ಲೆಕ್ಕದಲ್ಲಿ ಬಿಕರಿಯಾಗುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದಲ್ಲಿ ಬಳಸಿದ್ದು ಮೋಟರ್ ಇದ್ದ, ನಾಸಾಗೆಂದೇ ಮಾರ್ಪಡಿಸಿದ, 70 ಮಿ.ಮೀ. ಫಿಲ್ಮಿನ ಕ್ಯಾಮೆರಾ. ಅದೂ ಹೋಯಿತೇ ಹೊರತು ಬರಲಿಲ್ಲ. ಭಾರ ಇಳಿಸಲು ಅದನ್ನು ಅಲ್ಲೇ ಬಿಟ್ಟು ಫಿಲ್ಮ್ ಮ್ಯಾಗಜೀನ್ ಮಾತ್ರ ತಂದರು. ಮಾರುವವರು ನಿಮಗೆ ತೋರಿಸುವ ಹ್ಯಾಸೆಲ್‌ಬ್ಲಾಡ್ 500 ಸಿ/ಎಂ ಅದರ ದಾಯಾದಿ, ಅಷ್ಟೇ.

ತಪ್ಪು ಕಲ್ಪನೆ: ಬಾಡಿ ದುಬಾರಿಯಾದಷ್ಟೂ ಚಿತ್ರ ಚೆನ್ನ.

ಸತ್ಯ: ಡಿಜಿಟಲ್‌ನಲ್ಲಿ ಸೆನ್ಸರ್ ಬಾಡಿಯೊಳಗೇ ಇರುತ್ತದೆ, ಇಲ್ಲಿ ನೀವು ಹಾಕುವ ರೋಲೇ ಸೆನ್ಸರ್. ಕೊಡಾಕ್ ಟ್ರೈ-ಎಕ್ಸ್ ರೋಲನ್ನು ಹಳೆಯ ಪೆಂಟಾಕ್ಸ್ ಕೆ1000ಕ್ಕೆ ಹಾಕಿದರೂ ಲೈಕಾ ಎಂ6ಕ್ಕೆ ಹಾಕಿದರೂ ಗ್ರೇನ್ ಒಂದೇ. ಉಳಿದದ್ದು ಲೆನ್ಸಿನ ಕೆಲಸ. ಲೈಕಾದ ಮೆಲುದನಿಯ ಶಟರ್ ಕೈಗೆ ಸುಖ ಕೊಡುತ್ತದೆ, ನೆಗೆಟಿವ್‌ಗೆ ಏನೂ ಕೊಡುವುದಿಲ್ಲ.

ಹ್ಯಾಸೆಲ್‌ಬ್ಲಾಡ್ ಮಾತು ಬೇರೆ. 120 ಫಿಲ್ಮಿನ 56 ಮಿ.ಮೀ. ಚೌಕದ ನೆಗೆಟಿವ್ ವಿಸ್ತೀರ್ಣದಲ್ಲಿ 35 ಮಿ.ಮೀ.ನದಕ್ಕಿಂತ ಸುಮಾರು 3.6 ಪಟ್ಟು. ದೊಡ್ಡ ಪ್ರಿಂಟ್ ಹಾಕಿಸಿದರೆ ಎದ್ದು ಕಾಣುತ್ತದೆ. ಸ್ಕ್ಯಾನ್ ಮಾಡಿಸಿ ಫೋನಿನಲ್ಲೇ ನೋಡುವವರಿಗೆ ದಂಡ. ಮೇಲಾಗಿ ರೋಲಿಗೆ 36 ಅಲ್ಲ, 12 ಚಿತ್ರ. ತೊಳೆಸುವ ಖರ್ಚು ಪ್ರತಿ ರೋಲಿಗೂ ಇದ್ದೇ ಇದೆ.

ತಪ್ಪು ಕಲ್ಪನೆ: ಬ್ಯಾಟರಿಯೇ ಬೇಡವಾದ್ದರಿಂದ ಕೆಡುವುದೇ ಇಲ್ಲ.

ಸತ್ಯ: 500 ಸಿ/ಎಂನಲ್ಲಿ ಶಟರ್ ಇರುವುದು ಲೆನ್ಸಿನೊಳಗೆ. ಮೂರು ಲೆನ್ಸ್ ಕೊಂಡರೆ ಸರ್ವಿಸ್ ಮಾಡಿಸಬೇಕಾದ ಮೂರು ಶಟರ್ ಕೊಂಡಂತೆ. ಬಳಸದೆ ಬೀರುವಿನಲ್ಲಿಟ್ಟರೆ ಎಣ್ಣೆ ಗಟ್ಟಿಯಾಗಿ ನಿಧಾನದ ವೇಗಗಳು ಮೊದಲು ಎಳೆಯುತ್ತವೆ. ಫಿಲ್ಮ್ ಬ್ಯಾಕಿನ ಸೀಲ್ ಸವೆದರೆ ಬೆಳಕು ಸೋರುತ್ತದೆ. ಇನ್ನು ಮಲೆನಾಡು, ಕರಾವಳಿಯ ಮಳೆಗಾಲ! ಲೆನ್ಸಿಗೆ ಫಂಗಸ್ ಹಿಡಿದು ಕೋಟಿಂಗ್ ತಿಂದರೆ ಒರೆಸಿದರೂ ಕಲೆ ಹೋಗದು. ಅಂದದ ಚರ್ಮದ ಕೇಸ್ ತೇವ ಹಿಡಿದಿಟ್ಟು ಅದಕ್ಕೆ ಇನ್ನಷ್ಟು ಅನುಕೂಲ ಮಾಡಿಕೊಡುತ್ತದೆ.

‘ಇದು ಹೂಡಿಕೆ’ ಎನ್ನುವವರಿಗೆ ಇಷ್ಟೇ: ರಿಪೇರಿಯ ಬಿಲ್ಲನ್ನೂ ಲೆಕ್ಕಕ್ಕೆ ಸೇರಿಸಿ ನೋಡಿ.

ನನ್ನ ಮಾತು ಕೇಳುವುದಾದರೆ ಮೊದಲು ಹಳೆಯ ಯಾಶಿಕಾ ಮ್ಯಾಟ್ ಹಿಡಿಯಿರಿ. ಅದೇ 120 ಫಿಲ್ಮ್, ಅದೇ ಚೌಕ, ಬೆಲೆ ಎಷ್ಟೋ ಕಡಿಮೆ. ಲೆನ್ಸ್ ಬದಲಿಸಲಾಗದ ಕೊರತೆ ನಿಜಕ್ಕೂ ಕಾಡಿದರೆ ಮಾತ್ರ ಹ್ಯಾಸೆಲ್‌ಬ್ಲಾಡ್. ಆಗಲೂ ಶಟರ್ ಅನ್ನು ಒಂದು ಸೆಕೆಂಡಿಗಿಟ್ಟು ಒತ್ತಿ ಕೇಳಿ, ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಹಣ ಕೊಡಬೇಡಿ.