ಪ್ರವಾಸದಲ್ಲಿ ಮಗುವಿನ ಸ್ಟ್ರೋಲರ್ ಕಳುವಾಗದಂತೆ ನೋಡಿಕೊಳ್ಳುವುದು ಹೇಗೆ? ಸಿಂಹಾಚಲಂ, ವಿಶಾಖಪಟ್ಟಣಂಗೆ ಹೊರಡುವ ಮುನ್ನ ಇದನ್ನು ಓದಿ

ವಿಶಾಖಪಟ್ಟಣಂ: ಪುಟ್ಟ ಮಗುವಿನೊಂದಿಗೆ ಪ್ರವಾಸ ಹೊರಟ ಕುಟುಂಬಕ್ಕೆ ಸ್ಟ್ರೋಲರ್ ಅಂದರೆ ಮಕ್ಕಳ ತಳ್ಳುಗಾಡಿ ದೊಡ್ಡ ಆಸರೆ. ಮಗು ಅದರಲ್ಲೇ ನಿದ್ದೆ ಮಾಡುತ್ತದೆ. ಹಾಲಿನ ಬಾಟಲಿ, ಡೈಪರ್, ಔಷಧಿ, ನೀರು ಎಲ್ಲವೂ ಅದರ ಕೆಳಗಿನ ಬುಟ್ಟಿ ಸೇರುತ್ತವೆ. ಕೊನೆಗೆ ಅಮ್ಮನ ಹ್ಯಾಂಡ್‌ಬ್ಯಾಗ್, ಅಪ್ಪನ ಪರ್ಸ್ ಕೂಡ ಅದರ ಹಿಡಿಗೇ ನೇತುಬೀಳುತ್ತವೆ. ಸಮಸ್ಯೆ ಶುರುವಾಗುವುದು ಇಲ್ಲಿಂದಲೇ. ದೇವಸ್ಥಾನದ ಸರದಿ, ಆಟದ ರೈಡ್, ಮೆಟ್ಟಿಲು ಎದುರಾದಾಗ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಹೊರಗೆ ಬಿಡಲೇಬೇಕು. ಮರಳಿ ಬಂದಾಗ ಗಾಡಿ ಅಲ್ಲಿರದಿದ್ದರೆ?

ಸಿಂಹಾಚಲಂ ಮತ್ತು ವಿಶಾಖಪಟ್ಟಣಂ ಪ್ರವಾಸಕ್ಕೆ ಹೋಗುವ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ಎದುರಾಗುತ್ತದೆ. ಗಾಡಿಯನ್ನು ಎಲ್ಲಿ ಬಿಡಬೇಕು, ಹೇಗೆ ಗುರುತು ಮಾಡಬೇಕು, ಕಳೆದುಹೋದರೆ ಏನು ಮಾಡಬೇಕು, ಕಾನೂನು ಏನು ಹೇಳುತ್ತದೆ ಎಂಬುದರ ವಿವರ ಇಲ್ಲಿದೆ.

ಗಾಡಿ ಎಲ್ಲೆಲ್ಲಿ ಬಿಡಬೇಕಾಗುತ್ತದೆ?

ಸಿಂಹಾಚಲಂ ಬೆಟ್ಟದ ಮೇಲಿರುವ ಶ್ರೀ ವರಾಹ ಲಕ್ಷ್ಮೀನರಸಿಂಹ ಸ್ವಾಮಿ ದೇವಾಲಯ ಕನ್ನಡಿಗರಿಗೆ ಹೊಸದೇನಲ್ಲ. ವಿಜಯನಗರದ ಅರಸ ಕೃಷ್ಣದೇವರಾಯ 1516ರಲ್ಲಿ ಇಲ್ಲಿಗೆ ಬಂದು ಒಡವೆಗಳನ್ನು ಅರ್ಪಿಸಿದ್ದನ್ನು ಇಲ್ಲಿನ ಶಾಸನ ಹೇಳುತ್ತದೆ. ಬೆಟ್ಟಕ್ಕೆ ವಾಹನ ಹೋಗುವ ರಸ್ತೆಯೂ ಇದೆ, ಮೆಟ್ಟಿಲಿನ ದಾರಿಯೂ ಇದೆ. ಮೆಟ್ಟಿಲು ಹತ್ತುವವರಿಗೆ ತಳ್ಳುಗಾಡಿ ಹೊರೆಯೇ ಹೊರತು ಉಪಯೋಗವಿಲ್ಲ. ರಸ್ತೆಯಲ್ಲಿ ಹೋದವರೂ ದರ್ಶನದ ಸರದಿಗೆ ನಿಲ್ಲುವ ಮೊದಲು ಅದನ್ನು ಹೊರಗೆ ಬಿಡುವುದೇ ಸೂಕ್ತ.

ನಗರದ ಉಳಿದ ತಾಣಗಳಲ್ಲೂ ಇದೇ ಕಥೆ. ರಾಮಕೃಷ್ಣ ಬೀಚ್‌ನ ಮರಳಿನಲ್ಲಿ ಸಣ್ಣ ಚಕ್ರಗಳು ಹೂತುಹೋಗುತ್ತವೆ. ಅದರ ದಂಡೆಯಲ್ಲೇ ಇರುವ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿ ವಸ್ತುಸಂಗ್ರಹಾಲಯದ ಒಳಗೆ ಒಬ್ಬರ ಹಿಂದೆ ಒಬ್ಬರು ಸಾಗುವಷ್ಟೇ ಜಾಗ. ಕೈಲಾಸಗಿರಿಯ ರೋಪ್‌ವೇ ಏರಬೇಕಾದರೂ ಗಾಡಿ ಮಡಚಬೇಕು, ಇಲ್ಲವೇ ಕೆಳಗೆ ಬಿಡಬೇಕು. ಇಂದಿರಾ ಗಾಂಧಿ ಪ್ರಾಣಿ ಸಂಗ್ರಹಾಲಯದಂತಹ ವಿಶಾಲ ಜಾಗದಲ್ಲಿ ಮಾತ್ರ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹೀಗಾಗಿ ಮೊದಲ ಸಲಹೆ ಸರಳ. ದಿನದ ಪಟ್ಟಿ ನೋಡಿಕೊಂಡು, ಗಾಡಿ ಬೇಕಿಲ್ಲದ ಜಾಗಕ್ಕೆ ಹೊರಟಾಗ ಅದನ್ನು ಹೋಟೆಲ್ ಕೋಣೆಯಲ್ಲೇ ಬಿಡಿ. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಅಥವಾ ಹತ್ತಿ ಬಟ್ಟೆಯ ಜೋಳಿಗೆ ಸಾಕು. ಮನೆಯಿಂದ ಹೊರಗೇ ಬಾರದ ಗಾಡಿಯನ್ನು ಯಾರೂ ಕದಿಯಲಾರರು.

ಕಳ್ಳತನವೋ, ಕಣ್ತಪ್ಪೋ?

ಗಾಡಿ ಕಾಣದಿದ್ದ ಕೂಡಲೇ ಕಳ್ಳತನವೆಂದೇ ತಿಳಿಯಬೇಕಿಲ್ಲ. ಒಂದೇ ಕಂಪನಿಯ, ಒಂದೇ ಬಣ್ಣದ ಗಾಡಿಗಳು ಸಾಲಾಗಿ ನಿಂತಿದ್ದಾಗ ಬೇರೆ ಕುಟುಂಬ ತಪ್ಪಿ ತೆಗೆದುಕೊಂಡು ಹೋಗಬಹುದು. ದೇವಸ್ಥಾನದ ಮುಂದೆ ಚಪ್ಪಲಿ ಅದಲುಬದಲಾಗುವ ಹಾಗೆಯೇ ಇದು. ದಾರಿಗೆ ಅಡ್ಡವಿತ್ತೆಂದು ಸಿಬ್ಬಂದಿಯೇ ಪಕ್ಕಕ್ಕೆ ಸರಿಸಿರಲೂಬಹುದು.

ಅಮೆರಿಕದ ಡಿಸ್ನಿ ಪಾರ್ಕ್‌ಗಳಲ್ಲಿ ರೈಡ್‌ಗಳ ಬಳಿ ಸ್ಟ್ರೋಲರ್ ನಿಲ್ಲಿಸಲೆಂದೇ ಪ್ರತ್ಯೇಕ ಜಾಗಗಳಿವೆ. ಅಲ್ಲಿನ ಸಿಬ್ಬಂದಿ ದಿನವಿಡೀ ಗಾಡಿಗಳನ್ನು ಸರಿಸಿ ಸಾಲಾಗಿ ಜೋಡಿಸುತ್ತಿರುತ್ತಾರೆ. ಹಾಗಾಗಿ ರೈಡ್ ಮುಗಿಸಿ ಬಂದವರ ಗಾಡಿ ಬಿಟ್ಟ ಜಾಗದಲ್ಲೇ ಇರಬೇಕೆಂದಿಲ್ಲ. ಜಾಗದ ಒತ್ತಡ ತಡೆಯಲು 2019ರ ಮೇ 1ರಿಂದ ಅಲ್ಲಿ 31 ಇಂಚು ಅಗಲ, 52 ಇಂಚು ಉದ್ದ ಮೀರಿದ ಗಾಡಿಗಳನ್ನು ಒಳಗೆ ಬಿಡುತ್ತಿಲ್ಲ. ಅಲ್ಲಿಗೆ ಹೋಗುವ ಅನಿವಾಸಿ ಕನ್ನಡಿಗ ಕುಟುಂಬಗಳೂ ಇದನ್ನು ನೆನಪಿಡಬೇಕು.

ಕಾನೂನಿನ ದೃಷ್ಟಿಯಲ್ಲೂ ಈ ವ್ಯತ್ಯಾಸ ಮುಖ್ಯ. ಅಪ್ರಾಮಾಣಿಕ ಉದ್ದೇಶ ಇದ್ದರಷ್ಟೇ ಅದು ಕಳ್ಳತನ. ತನ್ನದೆಂದು ನಂಬಿ ತಪ್ಪಾಗಿ ಒಯ್ದವರು ಕಳ್ಳರಲ್ಲ. ಆದ್ದರಿಂದ ಮೊದಲು ಸುತ್ತಮುತ್ತಲ ಸಾಲುಗಳನ್ನು ನೋಡಿ. ನಿಮ್ಮಂಥದ್ದೇ ಗಾಡಿ ವಾರಸುದಾರರಿಲ್ಲದೆ ನಿಂತಿದೆಯೇ ಗಮನಿಸಿ. ಇದ್ದರೆ ಅದರ ಬಳಿಯೇ ಒಬ್ಬರು ನಿಲ್ಲಿ. ತಪ್ಪಿ ಒಯ್ದವರು ಅದನ್ನು ಹುಡುಕಿಕೊಂಡು ಬರುವ ಸಾಧ್ಯತೆ ಹೆಚ್ಚು.

ದೂರದಿಂದಲೇ ಗೊತ್ತಾಗುವ ಗುರುತು ಇರಲಿ

ಅದಲುಬದಲು ತಪ್ಪಿಸಲು ದುಬಾರಿ ಉಪಾಯ ಬೇಕಿಲ್ಲ. ಗಾಡಿಯ ಹಿಡಿಗೆ ಕಣ್ಣಿಗೆ ಹೊಡೆಯುವ ಬಣ್ಣದ ರಿಬ್ಬನ್ ಅಥವಾ ಹಳೆಯ ಸೀರೆಯ ಅಂಚು ಕಟ್ಟಿ. ಗಟ್ಟಿಯಾದ ಟ್ಯಾಗ್ ಮೇಲೆ ಮೊಬೈಲ್ ಸಂಖ್ಯೆ ಬರೆಯಿರಿ. ಆದರೆ ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯಬೇಡಿ. ಅಪರಿಚಿತರು ಆ ಹೆಸರಿನಿಂದಲೇ ಮಗುವನ್ನು ಕರೆದು ಹತ್ತಿರವಾಗಬಹುದು.

ಗಾಡಿ ಬಿಡುವಾಗ ಎರಡು ಫೋಟೋ ತೆಗೆಯಿರಿ. ಒಂದು ಗಾಡಿಯದ್ದು, ಇನ್ನೊಂದು ಸುತ್ತಲಿನ ಅಂಗಡಿ ಅಥವಾ ಫಲಕ ಕಾಣುವಂತೆ ಜಾಗದ್ದು. ಗಾಡಿಯ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಮಾಡೆಲ್ ಅಥವಾ ಸೀರಿಯಲ್ ಸಂಖ್ಯೆ ಇದ್ದರೆ ಅದರ ಫೋಟೋವನ್ನೂ ಮನೆಯಲ್ಲೇ ತೆಗೆದಿಟ್ಟುಕೊಳ್ಳಿ.

ಗಾಡಿಗಿಂತ ಅದರೊಳಗಿನ ವಸ್ತುಗಳೇ ಮುಖ್ಯ

ಬಳಸಿದ ತಳ್ಳುಗಾಡಿಯನ್ನು ತಳ್ಳಿಕೊಂಡು ಹೋಗುವುದಕ್ಕಿಂತ, ಅದರ ಹಿಡಿಗೆ ನೇತಾಡುವ ಬ್ಯಾಗ್ ಎತ್ತಿಕೊಂಡು ನಡೆಯುವುದು ಕಳ್ಳನಿಗೆ ಸುಲಭ. ಹಣ, ಒಡವೆ, ಮೊಬೈಲ್, ಗುರುತಿನ ಚೀಟಿ, ಹೋಟೆಲ್ ಕೀ, ರೈಲು ಟಿಕೆಟ್ ಯಾವುದೂ ಗಾಡಿಯಲ್ಲಿ ಇರಬಾರದು. ಮಗುವಿನ ಔಷಧಿ ಮತ್ತು ಒಂದು ಹೊತ್ತಿನ ಹಾಲು ಕೂಡ ಹೆಗಲ ಚೀಲದಲ್ಲೇ ಇರಲಿ. ಪರಊರಿನಲ್ಲಿ ಗಾಡಿ ಇಲ್ಲದೆ ಒಂದು ದಿನ ಕಳೆಯಬಹುದು, ಜ್ವರದ ಮಗುವಿಗೆ ಔಷಧಿ ಇಲ್ಲದೆ ಒಂದು ರಾತ್ರಿ ಕಳೆಯುವುದು ಕಷ್ಟ.

ಬೆಂಗಳೂರಿನ ವಂಡರ್‌ಲಾದಂತಹ ಪಾರ್ಕ್‌ಗಳಲ್ಲಿ ಲಾಕರ್ ಸೌಲಭ್ಯ ಇರುತ್ತದೆ. ಬ್ಯಾಗ್ ಲಾಕರ್‌ಗೆ, ಖಾಲಿ ಗಾಡಿ ಹೊರಗೆ ಎಂಬ ನಿಯಮ ಇಟ್ಟುಕೊಳ್ಳಿ. ಇನ್ನೂ ಒಳ್ಳೆಯ ದಾರಿ ಎಂದರೆ ಸರದಿ. ಒಬ್ಬರು ಮಗು, ಗಾಡಿಯೊಂದಿಗೆ ಕುಳಿತಾಗ ಉಳಿದವರು ರೈಡ್ ಅಥವಾ ದರ್ಶನ ಮುಗಿಸಿ ಬರಬಹುದು. ದೇವಸ್ಥಾನದಲ್ಲಿ ಟೋಕನ್ ಕೊಡುವ ಸಾಮಾನು ಕೊಠಡಿ ಇದ್ದರೆ ಅಲ್ಲಿಯೇ ಇಡಿ, ಟೋಕನ್‌ನ ಫೋಟೋ ತೆಗೆದುಕೊಳ್ಳಿ.

ಬೀಗ, ಟ್ರ್ಯಾಕರ್ ಎಷ್ಟು ಉಪಯುಕ್ತ?

ಸೈಕಲ್‌ಗೆ ಹಾಕುವ ತೆಳುವಾದ ಕೇಬಲ್ ಲಾಕ್‌ನಿಂದ ಚಕ್ರವನ್ನು ಚೌಕಟ್ಟಿಗೆ ಸೇರಿಸಿ ಬಿಗಿದರೆ ಗಾಡಿ ಉರುಳುವುದಿಲ್ಲ. ತಪ್ಪಿ ಒಯ್ಯುವವರೂ ಅಲ್ಲೇ ನಿಲ್ಲುತ್ತಾರೆ. ಆದರೆ ಕಂಬಿ, ಬ್ಯಾರಿಕೇಡ್‌ಗಳಿಗೆ ಕಟ್ಟಬೇಡಿ. ಜನಸಂದಣಿಯಲ್ಲಿ ಅದು ದಾರಿಗೆ ಅಡ್ಡವಾಗುತ್ತದೆ. ಬ್ಯಾಗ್ ಇಟ್ಟ ಗಾಡಿ ಒಂಟಿಯಾಗಿ ನಿಂತಿದ್ದರೆ ಭದ್ರತಾ ಸಿಬ್ಬಂದಿ ಅದನ್ನು ಅನುಮಾನದಿಂದ ನೋಡುವುದೂ ಸಹಜ.

ಏರ್‌ಟ್ಯಾಗ್‌ನಂತಹ ಬ್ಲೂಟೂತ್ ಟ್ರ್ಯಾಕರ್‌ಗಳು ಸುತ್ತಮುತ್ತಲಿನ ಫೋನ್‌ಗಳ ನೆರವಿನಿಂದ ತಾವಿರುವ ಜಾಗವನ್ನು ತಿಳಿಸುತ್ತವೆ. ಜನ ಹೆಚ್ಚಿರುವ ಕಡೆ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಒಂದು ಎಚ್ಚರಿಕೆ: ಏರ್‌ಟ್ಯಾಗ್‌ನಲ್ಲಿ ಇರುವುದು ಗುಂಡಿಯಾಕಾರದ ಸಣ್ಣ ಬ್ಯಾಟರಿ. ಮಗು ಅದನ್ನು ನುಂಗಿದರೆ ಅನ್ನನಾಳ ಸುಟ್ಟು ಪ್ರಾಣಕ್ಕೇ ಅಪಾಯವಾಗಬಹುದು. ಟ್ರ್ಯಾಕರ್ ಅನ್ನು ಮಗುವಿನ ಕೈಗೆ ಸಿಗದಂತೆ ಸೀಟಿನ ಅಡಿಯಲ್ಲಿ ಭದ್ರವಾಗಿ ಕಟ್ಟಿ. ಟ್ರ್ಯಾಕರ್ ತೋರಿಸಿದ ಜಾಗಕ್ಕೆ ಒಬ್ಬರೇ ಹೋಗಿ ಜಗಳ ಮಾಡಬೇಡಿ, ಪೊಲೀಸರನ್ನು ಕರೆದುಕೊಂಡು ಹೋಗಿ.

ರೈಲಿನಲ್ಲಿ ಹೋಗುವವರು ಗಮನಿಸಿ

ಬೆಂಗಳೂರಿನಿಂದ ವಿಶಾಖಪಟ್ಟಣಂಗೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡದ ಮೂಲಕ ಸಾಗುತ್ತದೆ. ವಿಜಯವಾಡ ದೊಡ್ಡ ಜಂಕ್ಷನ್, ಹತ್ತಿ ಇಳಿಯುವವರ ಗದ್ದಲ ಹೆಚ್ಚು. ಮಡಚಿದ ಗಾಡಿಯನ್ನು ಬೋಗಿಯ ಬಾಗಿಲ ಬಳಿ ಇಡದೆ, ಸೀಟಿನ ಅಡಿಯಲ್ಲಿಟ್ಟು ಸರಪಳಿ ಹಾಕಿ.

1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಬುಕ್ ಮಾಡಿ ರಸೀದಿ ಪಡೆದ ಲಗೇಜ್‌ಗೆ ಮಾತ್ರ ರೈಲ್ವೆ ನೇರ ಹೊಣೆ. ಪ್ರಯಾಣಿಕರು ತಮ್ಮ ಜೊತೆಯಲ್ಲೇ ಒಯ್ಯುವ ಸಾಮಾನು ಕಳುವಾದರೆ, ರೈಲ್ವೆ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆ ಸಾಬೀತಾಗಬೇಕು. ಗಾಡಿ ರೈಲಿನಲ್ಲೇ ಉಳಿದರೆ ತಕ್ಷಣ 139ಕ್ಕೆ ಕರೆ ಮಾಡಿ ಬೋಗಿ, ಸೀಟ್ ಸಂಖ್ಯೆ ತಿಳಿಸಿ. ಸಿಕ್ಕ ಸಾಮಾನುಗಳನ್ನು ವಾರಸುದಾರರಿಗೆ ಮರಳಿಸಲು ರೈಲ್ವೆ ರಕ್ಷಣಾ ಪಡೆ ‘ಆಪರೇಷನ್ ಅಮಾನತ್’ ನಡೆಸುತ್ತಿದೆ.

ಕಳುವಾಗಿದ್ದರೆ ದೂರು ಹೇಗೆ? 5,000 ರೂಪಾಯಿ ಗಡಿ ಏಕೆ ಮುಖ್ಯ?

ಮೊದಲು ಸ್ಥಳದ ಸಿಬ್ಬಂದಿಗೆ ತಿಳಿಸಿ, ಸಿಸಿಟಿವಿ ದೃಶ್ಯ ಕಾಪಾಡಲು ಲಿಖಿತವಾಗಿ ಕೋರಿ. ನಂತರ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಠಾಣೆಗೆ ಹೋಗಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಇದೆ. ಆದರೆ ಕಳುವಾದ ಸ್ವತ್ತಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನು ಮರಳಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಇಂತಹ ಸಣ್ಣ ಮೊತ್ತದ ಪ್ರಕರಣ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ.

ಹಾಗಾಗಿ ಗಾಡಿಯ ಬಿಲ್ ಬಹಳ ಮುಖ್ಯ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬಿಲ್ ನಿಮ್ಮ ಖಾತೆಯಲ್ಲೇ ಸಿಗುತ್ತದೆ. ದೂರಿನಲ್ಲಿ ಗಾಡಿಯ ಜೊತೆ ಹೋದ ಪ್ರತಿ ವಸ್ತುವನ್ನೂ ಬೆಲೆಸಹಿತ ಬರೆಯಿರಿ. ಇದ್ದದ್ದನ್ನಷ್ಟೇ ಬರೆಯಿರಿ.

ರಜೆ ಮುಗಿದು ಊರಿಗೆ ಹೊರಡುವ ಆತುರದಲ್ಲಿದ್ದರೂ ಚಿಂತೆಯಿಲ್ಲ. ಸಂಜ್ಞೇಯ ಅಪರಾಧವಾದರೆ, ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅವಕಾಶ ನೀಡುತ್ತದೆ. ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಕೊಟ್ಟ ಮಾಹಿತಿಗೆ 3 ದಿನದೊಳಗೆ ಸಹಿ ಹಾಕಬೇಕು. ದಾಖಲಾದ ಮಾಹಿತಿಯ ಪ್ರತಿ ದೂರುದಾರರಿಗೆ ಉಚಿತ. ಗಾಡಿಯಲ್ಲಿ ಮೊಬೈಲ್ ಕೂಡ ಹೋಗಿದ್ದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ‘ಸಂಚಾರ್ ಸಾಥಿ’ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಬಹುದು.

ಜಾತ್ರೆಯ ದಿನಗಳಲ್ಲಿ ಗಾಡಿ ಬೇಡ

ವರ್ಷವಿಡೀ ಗಂಧದ ಲೇಪನದಲ್ಲಿರುವ ಸಿಂಹಾಚಲಂ ಸ್ವಾಮಿಯ ನಿಜರೂಪ ದರ್ಶನ ಸಿಗುವುದು ಅಕ್ಷಯ ತೃತೀಯದ ಚಂದನೋತ್ಸವದಂದು ಮಾತ್ರ. ಅಂದು ಜನಸಾಗರವೇ ಸೇರುತ್ತದೆ. 2025ರ ಏಪ್ರಿಲ್ 30ರಂದು ಇದೇ ಉತ್ಸವದ ವೇಳೆ ಮಳೆಗೆ ಗೋಡೆ ಕುಸಿದು ಸರದಿಯಲ್ಲಿದ್ದ 7 ಭಕ್ತರು ಮೃತಪಟ್ಟಿದ್ದರು. ಆಷಾಢ ಹುಣ್ಣಿಮೆಯ ಗಿರಿ ಪ್ರದಕ್ಷಿಣೆ ಸುಮಾರು 32 ಕಿ.ಮೀ. ಉದ್ದದ ನಡಿಗೆ. ರಸ್ತೆಯ ಮೇಲಿನ ನಡಿಗೆಯಾದ್ದರಿಂದ ಮಗುವನ್ನು ಗಾಡಿಯಲ್ಲಿ ಕರೆದೊಯ್ಯುವ ಯೋಚನೆ ಬರಬಹುದು. ಆದರೆ ನೂಕುನುಗ್ಗಲಿನಲ್ಲಿ ನೆಲಮಟ್ಟದಲ್ಲಿರುವ ಮಗು ಹಿಂದಿನವರಿಗೆ ಕಾಣುವುದಿಲ್ಲ. ಇಂತಹ ದಿನ ಮಗು ತೋಳಿನಲ್ಲಿರಲಿ, ಇಲ್ಲವೇ ಪ್ರವಾಸವನ್ನೇ ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಗಾಡಿ ಹುಡುಕುವ ಗಡಿಬಿಡಿಯಲ್ಲಿ ಮಗುವಿನ ಕೈ ಬಿಡಬೇಡಿ. ಒಬ್ಬರು ಹುಡುಕಲಿ, ಒಬ್ಬರು ಮಗುವಿನ ಜೊತೆಗಿರಲಿ. ಮಗುವೇ ಕಣ್ಮರೆಯಾದರೆ ಒಂದು ಕ್ಷಣವೂ ಕಾಯದೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.