ಗಟಾರದ ಪೈಪಿಗೆ ಆಸಿಡ್ ಸುರಿದರೆ ಸಾಕೇ? ಎರೆನೆಲದ ಮನೆಗಳು ತಿಳಿದಿರಬೇಕಾದ ಸಂಗತಿ

ಬಚ್ಚಲ ನೀರು ಇಳಿಯುವುದು ತಡವಾದರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂಗಡಿಯಿಂದ ಆಸಿಡ್ ಬಾಟಲಿ ತಂದು ಸುರಿಯುವುದು. ನೀರು ಇಳಿದರೆ ಪೈಪು ಸರಿಯಾಯಿತೆಂದು ನಂಬುತ್ತೇವೆ. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಮನೆಗಳಲ್ಲಿ ಕಟ್ಟಿಕೊಂಡ ಪೈಪಿಗಿಂತ ನೆಲದಡಿ ಸೋರುವ ಪೈಪೇ ಹೆಚ್ಚು ಅಪಾಯಕಾರಿ. ಅದು ಏಕೆಂದು ನೋಡೋಣ.

ಮಣ್ಣು ಉಸಿರಾಡಿದಂತೆ

ಈ ಭಾಗದ ಬಹುಪಾಲು ನೆಲ ಎರೆಮಣ್ಣು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳು ಬಾಯಿಬಿಡುವುದು ಇದರಿಂದಲೇ. ಮನೆಯಡಿಯ ಪೈಪೂ ಪ್ರತಿ ವರ್ಷ ಈ ಏರಿಳಿತಕ್ಕೆ ಸಿಗುತ್ತದೆ. ಸಿಮೆಂಟಿನಿಂದ ಬಿಗಿದ ಹಳೆಯ ಸಿಮೆಂಟ್ ಅಥವಾ ಚೀನಿಮಣ್ಣಿನ ಪೈಪುಗಳು ಬಾಗಲಾರವು, ಅವುಗಳ ಜಾಯಿಂಟ್ ಬಿರಿಯುತ್ತದೆ. ಬಿರುಕಿನಿಂದ ಸೋರಿದ ನೀರು ಸುತ್ತಲ ಮಣ್ಣನ್ನು ಇನ್ನಷ್ಟು ಉಬ್ಬಿಸಿ ಬಿರುಕನ್ನು ದೊಡ್ಡದು ಮಾಡುತ್ತದೆ.

ನರಗುಂದಕ್ಕೆ ಇನ್ನೊಂದು ಚಿಂತೆಯೂ ಇದೆ. ಹಿಂದೆ ಜೋಳ ತುಂಬಿಡಲು ತೋಡಿದ ಹಗೇವುಗಳು ಹಳೆಯ ಓಣಿಗಳ ಅಡಿಯಲ್ಲಿ ಮರೆತುಹೋಗಿವೆ. 2019–20ರ ಸುಮಾರಿಗೆ ಪಟ್ಟಣದ ಮನೆಗಳಲ್ಲಿ, ರಸ್ತೆಗಳಲ್ಲಿ ನೆಲ ಕುಸಿದು ಸುದ್ದಿಯಾದಾಗ, ಈ ಹಗೇವುಗಳು ಮತ್ತು ಏರಿದ ಅಂತರ್ಜಲ ಕಾರಣವೆಂಬ ವಿವರಣೆ ಕೇಳಿಬಂದಿತ್ತು. ಅಂಥ ಟೊಳ್ಳಿನ ಮೇಲೆ ನಮ್ಮ ಪೈಪೂ ಸೋರಿದರೆ, ಹಸಿಯಾದ ಮಣ್ಣು ಒಳಕ್ಕೆ ಜಾರುತ್ತದೆ.

ಮೂರು ನಂಬಿಕೆ, ಮೂರು ವಾಸ್ತವ

ಆಸಿಡ್ ಎಲ್ಲವನ್ನೂ ಕರಗಿಸುತ್ತದೆ: ಟಾಯ್ಲೆಟ್ ತೊಳೆಯುವ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಅದು ಗಡಸು ನೀರಿನ ಬಿಳಿ ಪದರವನ್ನು ಕರಗಿಸಬಲ್ಲದು, ಕೂದಲು ಮತ್ತು ಎಣ್ಣೆ ಜಿಡ್ಡನ್ನಲ್ಲ. ಬದಲಿಗೆ ಜಾಯಿಂಟಿನ ಸಿಮೆಂಟನ್ನೇ ತಿನ್ನುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಇವೆರಡನ್ನೂ ಎಂದೂ ಬೆರೆಸಬೇಡಿ.

ಸೋಡಾ, ನಿಂಬೆರಸ ಹಾಕಿದರೆ ಸ್ವಚ್ಛ: ನೊರೆ ಬರುವುದು ಇಂಗಾಲದ ಡೈಆಕ್ಸೈಡ್‌ನಿಂದ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಗಟ್ಟಿ ಕಟ್ಟನ್ನು ಬಿಡಿಸುವ ಬಲ ಅದಕ್ಕಿಲ್ಲ.

ಕುದಿಯುವ ನೀರು ಜಿಡ್ಡನ್ನು ಓಡಿಸುತ್ತದೆ: ಕರಗಿದ ಜಿಡ್ಡು ಮುಂದೆ ತಣ್ಣಗಿನ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಪಿವಿಸಿ ಪೈಪು ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುವುದರಿಂದ ಪೈಪಿಗೂ ಒಳ್ಳೆಯದಲ್ಲ.

ಹಾಗಾದರೆ ಏನು ಮಾಡಬೇಕು?

ಬಚ್ಚಲಿಗೆ ಜಾಲರಿ ಹಾಕಿ ಕೂದಲು ತೆಗೆಯಿರಿ. ಪಾತ್ರೆಯ ಜಿಡ್ಡನ್ನು ಒರೆಸಿ ತೊಳೆಯಿರಿ. ಬೋರಿನ ಗಡಸು ನೀರಿನಲ್ಲಿ ಸೋಪು ಕರಗದ ಕೆನೆಯಾಗಿ ಪೈಪಿಗೆ ಅಂಟುತ್ತದೆ, ಆದ್ದರಿಂದ ಆಗಾಗ ಒಂದೆರಡು ಬಕೆಟ್ ನೀರನ್ನು ಒಮ್ಮೆಲೇ ಸುರಿಯಿರಿ. ಕಟ್ಟಿಕೊಂಡರೆ ರಬ್ಬರ್ ಪಂಪು ಅಥವಾ ಸ್ಪ್ರಿಂಗ್ ತಂತಿ ಬಳಸಿ. ಮಿರ್ಚಿ ಕರಿಯುವ ಹೋಟೆಲು, ಖಾನಾವಳಿಗಳು ಗಟಾರಕ್ಕೆ ಮೊದಲು ಜಿಡ್ಡು ತಡೆಯುವ ತೊಟ್ಟಿ ಕಟ್ಟಬೇಕು. ಎಣ್ಣೆ ನೀರಿಗಿಂತ ಹಗುರ, ಅಲ್ಲಿ ತೇಲಿ ನಿಲ್ಲುತ್ತದೆ. ಅದನ್ನು ನಿಯಮಿತವಾಗಿ ತೆಗೆಯಬೇಕು.

ಸೋರಿಕೆ ತಿಳಿಯುವುದು ಸುಲಭ. ಮನೆಯಲ್ಲಿ ನೀರು ಬಿಡುವುದನ್ನು ನಿಲ್ಲಿಸಿ. ಪೈಪು ಚೇಂಬರಿಗೆ ಸೇರುವ ತುದಿಯನ್ನು ಬಟ್ಟೆ ತುರುಕಿ ಬಿಗಿಯಾಗಿ ಮುಚ್ಚಿ, ಮೇಲಿನ ಚೇಂಬರಿನಿಂದ ನೀರು ತುಂಬಿ ಮಟ್ಟಕ್ಕೆ ಗುರುತು ಹಾಕಿ. ಅರ್ಧ ಗಂಟೆಯಲ್ಲಿ ಮಟ್ಟ ಗಮನಾರ್ಹವಾಗಿ ಇಳಿದರೆ ಸಂಶಯಪಡಿ. ಒಂದೇ ಜಾಗದಲ್ಲಿ ಪದೇ ಪದೇ ಕಟ್ಟುವುದು, ಚೇಂಬರಿಗೆ ಮಣ್ಣು ಬರುವುದು, ಫರಸಿ ಕುಳಿಯುವುದು ಪೈಪು ಬದಲಿಸಬೇಕೆಂಬ ಸೂಚನೆ. ಫರಸಿ ತಟ್ಟಿದಾಗ ಟೊಳ್ಳು ಸದ್ದು ಬಂದು ನೆಲ ಕುಳಿದಿದ್ದರೆ ಆ ಕೋಣೆ ಬಿಟ್ಟು ಪುರಸಭೆಗೆ ತಿಳಿಸಿ.

ಬದಲಿಸುವಾಗ

ನೆಲದಡಿಗೆ ಐಎಸ್ 15328, ಗೋಡೆಯ ಮೇಲಿನ ಮಲ ಹಾಗೂ ಬಚ್ಚಲ ನೀರಿಗೆ ಐಎಸ್ 13592ರ ಬಿ ಮಾದರಿ ಎಂಬ ಗುರುತಿರುವ ಪಿವಿಸಿ ಪೈಪು ಕೇಳಿ. ಅದರಲ್ಲಿ ಎ ಮಾದರಿ ಮಳೆನೀರಿಗೆ, ಗಾಳಿಕೊಳವೆಗೆ ಮಾತ್ರ. ಎರೆನೆಲದಲ್ಲಿ ರಬ್ಬರ್ ರಿಂಗಿನ ಜಾಯಿಂಟ್ ಮೇಲು, ಅದು ತುಸು ಅಲುಗಾಟ ತಾಳುತ್ತದೆ. ಪೈಪಿನ ಕೆಳಗೆ ಮತ್ತು ಸುತ್ತ ಉಸುಕು ತುಂಬಿ, ಅಗೆದ ಎರೆಮಣ್ಣನ್ನೇ ಒತ್ತಬೇಡಿ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಸಾಕು. ಗೋಡೆ ದಾಟುವಲ್ಲಿ ಸುತ್ತ ಸ್ವಲ್ಪ ಜಾಗ ಬಿಡಿ.

ಕೊನೆಯದಾಗಿ, ಶೌಚದ ಗುಂಡಿಗೆ ಯಾರನ್ನೂ ಇಳಿಸಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಕ್ಷಣಾರ್ಧದಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ರಕ್ಷಣಾ ಸಾಧನವಿಲ್ಲದೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧವೂ ಹೌದು. ಪುರಸಭೆಗೆ ಹೇಳಿ ಸಕ್ಕಿಂಗ್ ಯಂತ್ರ ತರಿಸುವುದೇ ಸರಿಯಾದ ದಾರಿ.